‘ಇಲ್ಲ’ ಎನ್ನುವ ಅಣ್ಣ, ‘ಗೊತ್ತಿಲ್ಲ’ ಎನ್ನುವ ನಾನು

ನನ್ನನ್ನು ಯಾರಾದರೂ ನಾಸ್ತಿಕಳು ಎಂದರೆ ಮೈ ಉರಿಯುತ್ತದೆ. ನಾಸ್ತಿಕರ ಮೇಲೆ ಸಿಟ್ಟಿದೆಯೆಂದಲ್ಲ. ನಮ್ಮ ಮನೆಯಲ್ಲೇ ಅಸಲಿ ನಾಸ್ತಿಕನೊಬ್ಬನಿದ್ದಾನೆ, ನನ್ನ ಅಣ್ಣ. ಅವನಷ್ಟು ನೆಮ್ಮದಿಯಾಗಿ ನಿದ್ದೆ ಮಾಡುವವರನ್ನು ಇಡೀ ಹೆಬ್ಬಗೋಡಿಯಲ್ಲಿ ನಾನು ಬೇರೆ ಕಂಡಿಲ್ಲ. ಅವನಿಗಿರುವ ನೆಮ್ಮದಿ ನನಗಿಲ್ಲದಿರುವಾಗ ಅವನ ಬಿರುದು ಮಾತ್ರ ನನಗೆ ಯಾಕೆ ಎನ್ನುವುದು ನನ್ನ ತಕರಾರು.

ಅಣ್ಣ ದೇವರು ಇಲ್ಲ ಎನ್ನುತ್ತಾನೆ. ನಾನು ಗೊತ್ತಿಲ್ಲ ಎನ್ನುತ್ತೇನೆ. ಕೇಳುವವರ ಕಿವಿಗೆ ಎರಡೂ ಒಂದೇ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇದರ ವ್ಯತ್ಯಾಸವನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ, ಕೊನೆಗೆ ಯಾರಾದರೊಬ್ಬರು, "ಒಟ್ನಲ್ಲಿ ಪೂಜೆ ಮಾಡಲ್ಲ ತಾನೇ ಮೇಡಂ?" ಎಂದು ಮೊಸರನ್ನಕ್ಕೆ ಕೈ ಹಾಕುತ್ತಾರೆ. ಅಣ್ಣನಿಗೂ ನನ್ನ ಬಗ್ಗೆ ಅಷ್ಟೇ ಮರ್ಯಾದೆ. "ನೀನು ಅಡ್ಡಗೋಡೆ ಮೇಲೆ ದೀಪ ಇಡೋಳು ಕಣೆ. ಅಜ್ಞೇಯವಾದಿ ಅಂತ ಪುಸ್ತಕದ ಹೆಸ್ರು ಬೇರೆ. ಧೈರ್ಯ ಇಲ್ದಿರೋ ನಾಸ್ತಿಕ ಅಂತ ಹೇಳ್ಕೋ, ಸಾಕು" ಎನ್ನುತ್ತಾನೆ. ಅವ್ವನದು ಇನ್ನೊಂದು ದಾರಿ. "ಗೊತ್ತಿಲ್ಲ ಅಂದ್ರೆ ಏನರ್ತ? ಎದುರ್ಮನೇಲಿ ಜನ ಅವ್ರೋ ಇಲ್ವೋ ಗೊತ್ತಿಲ್ಲ ಅಂದ್ರೆ ಒಂದ್ಸಲ ಕೂಗಿ ನೋಡ್ಬೇಕವ್ವ" ಎನ್ನುತ್ತಾಳೆ.

ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ನನ್ನದು ಮಾಲು ತಪಾಸಣೆಯ ಕೆಲಸ. ಅಳತೆ ಸರಿಯಿದ್ದ ಮಾಲಿಗೆ ಹಸಿರು ಟ್ಯಾಗು, ಕೆಟ್ಟದ್ದಕ್ಕೆ ಕೆಂಪು, ಸಂಶಯವಿದ್ದುದಕ್ಕೆ ಹಳದಿ. ಹಸಿರು ಟ್ಯಾಗಿನದು ಲಾರಿ ಹತ್ತುತ್ತದೆ, ಕೆಂಪಿನದು ಗುಜರಿಗೆ ಹೋಗುತ್ತದೆ. ಹಳದಿಯದು ಮೂಲೆಯ ರ‍್ಯಾಕಿನಲ್ಲಿ ಕೂತಿರುತ್ತದೆ, ಮುಂದಕ್ಕೂ ಹೋಗುವಂತಿಲ್ಲ, ಹಿಂದಕ್ಕೂ ಹೋಗುವಂತಿಲ್ಲ. ಸಂಶಯದಲ್ಲಿರುವವರು ವಿನಯವಂತರು, ದೊಡ್ಡ ಮನಸ್ಸಿನವರು ಎಂದು ಓದಿದವರು ಹೊಗಳುವುದನ್ನು ಕೇಳಿದ್ದೇನೆ. ಅವರು ಆ ರ‍್ಯಾಕಿನ ಮೇಲೆ ಕೂತ ಧೂಳು ನೋಡಿಲ್ಲ.

ನಮ್ಮದು ಊರಿನ ಹಳೆಯ ಒಕ್ಕಲು ಮನೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಯಾರದೋ ಗೋದಾಮು ನಿಂತಿದೆ. ಮನೆಯ ಕೆಳಗಡೆ ಅವ್ವ ಮತ್ತು ಮದುವೆ ಮುರಿದುಕೊಂಡು ಬಂದ ನಾನು, ಮೇಲೆ ಅಣ್ಣನ ಸಂಸಾರ, ಅದರ ಮೇಲೆಲ್ಲ ಬಾಡಿಗೆಯವರು. ಹೋದ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅವ್ವನಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ. ಡಾಕ್ಟರು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದು, ಕೆಟ್ಟ ಗಡ್ಡೆಯೂ ಇರಬಹುದು, ತೆಗೆದ ಮೇಲೇ ಗೊತ್ತಾಗುವುದು, ತಡ ಮಾಡಬೇಡಿ ಎಂದರು. ಶುಕ್ರವಾರ ಸಂಜೆ ಐದರೊಳಗೆ ದಾಖಲಾಗಬೇಕು, ಶನಿವಾರ ಬೆಳಿಗ್ಗೆ ಆಪರೇಷನ್. ಆ ದಿನ ತಪ್ಪಿದರೆ ಅವರು ರಜೆಯ ಮೇಲೆ ಹೋಗುವವರಿದ್ದರು.

ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು. "ಊರಮ್ಮನ್ನ ಕೇಳ್ದೆ ನಾನು ಕತ್ತಿ ಕೆಳಗೆ ಮಲಗಾಕಿಲ್ಲ."

"ಊರಮ್ಮ ಡಾಕ್ಟರ್ ಓದಿದ್ದಾಳಾ ಅವ್ವ?" ಎಂದ ಅಣ್ಣ.

"ಅವ್ಳು ಓದಿಲ್ಲ, ನಿನ್ ಡಾಕ್ಟ್ರು ಓದವ್ನೆ. ಇಬ್ರನ್ನೂ ಕೇಳಾನ, ತಪ್ಪೇನು?"

ನಮ್ಮೂರಿನಲ್ಲಿ ಊರಮ್ಮನನ್ನು ಕೇಳುವುದೆಂದರೆ ಹೂ ಕೇಳುವುದು. ಪೂಜಾರಪ್ಪ ಎರಡು ಕಣಗಿಲೆ ಹೂಗಳನ್ನು ನೀರಲ್ಲಿ ಅದ್ದಿ ಅವಳ ಕಲ್ಲಿನ ವಿಗ್ರಹದ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು, ಬಾಯಿ ಬಿಟ್ಟು ಹೇಳಬಾರದು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೂ ಬೀಳುವ ತನಕ ಕೇಳಿದವರು ಕಣ್ಣು ಬಿಡುವಂತಿಲ್ಲ. ಯಾವುದು ಬಿತ್ತು ಎಂದು ಜೊತೆಯಲ್ಲಿ ಕೂತ ಮನೆಯವರೇ ನೋಡಿ ಹೇಳಬೇಕು. ಅಲ್ಲಿಯ ತನಕ ಮನೆಯವರೂ ಜಾಗ ಬಿಟ್ಟು ಏಳುವಂತಿಲ್ಲ. ಎದ್ದರೆ ಕೇಳಿದ್ದು ಕೆಟ್ಟುಹೋಗುತ್ತದೆ, ಮತ್ತೆ ಕೇಳಲು ಇನ್ನೊಂದು ಹುಣ್ಣಿಮೆ ಕಾಯಬೇಕು.

ಅಣ್ಣ ಹುಟ್ಟಿದ ಮೇಲೆ ಗುಡಿಯೊಳಗೆ ಕೂತವನಲ್ಲ. ಅವ್ವನಿಗೋಸ್ಕರ ಆ ಶುಕ್ರವಾರ ಮಧ್ಯಾಹ್ನ ಬಂದ. ಚಪ್ಪಲಿ ಬಿಡುವಾಗ, "ಒಂದ್ ಹೂವು ಬೀಳೋಕೆ ಎಷ್ಟ್ ಹೊತ್ತು? ಕಾಲ್ಗಂಟೆ" ಎಂದು ನನ್ನ ಕಿವಿಯಲ್ಲಿ ಹೇಳಿದ. ಆಸ್ಪತ್ರೆಯ ಬ್ಯಾಗು ಕಾರಿನಲ್ಲಿತ್ತು.

ಊರಮ್ಮನ ಗುಡಿ ಈಗ ಒಂದು ಬೇಕರಿಗೂ ಪಿ.ಜಿ. ಕಟ್ಟಡಕ್ಕೂ ನಡುವೆ ಸಿಕ್ಕಿಕೊಂಡಿದೆ. ಗ್ರಾನೈಟ್ ಹಾಕಿಸಿದ್ದಾರೆ, ಕ್ಯಾಮೆರಾ ಮಾತ್ರ ಹೊರಗಡೆ ಹುಂಡಿಯ ಕಡೆಗೆ ತಿರುಗಿದೆ. ಒಳಗೆ ನಾಲ್ಕೇ ಜನ: ಗರ್ಭಗುಡಿಯ ಬಾಗಿಲಲ್ಲಿ ಪೂಜಾರಪ್ಪ, ಎದುರಿಗೆ ಕಣ್ಣು ಮುಚ್ಚಿ ಕೈ ಮುಗಿದ ಅವ್ವ, ಅವಳ ಆ ಪಕ್ಕ ಅಣ್ಣ, ಈ ಪಕ್ಕ ಗೋಡೆಗೊರಗಿ ನಾನು. ಮೋಡ ಮುಚ್ಚಿತ್ತು. ಗಾಳಿಯಲ್ಲೆಲ್ಲ ತೇವ. ಒದ್ದೆ ಹೂ ಆರಿದರೆ ತಾನೇ ಬೀಳುವುದು? ಎರಡೂ ಹೂಗಳು ಕಲ್ಲಿಗೆ ಕಚ್ಚಿಕೊಂಡು ಕೂತವು.

ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ನನ್ನ ಕಾಲು ಜೋಮು ಹಿಡಿಯಿತು. ಹೊಸೂರು ರಸ್ತೆಯ ಬಸ್ಸುಗಳ ಹಾರ್ನು ಗೋಡೆ ದಾಟಿ ಬರುತ್ತಿತ್ತು, ಪಕ್ಕದ ಬೇಕರಿಯಿಂದ ಬನ್ನಿನ ವಾಸನೆ. ಹೊರಗಿನ ಲೋಕ ಹತ್ತು ಹೆಜ್ಜೆ ದೂರದಲ್ಲಿತ್ತು, ನಾವು ಮೂವರು ಎರಡು ಹೂಗಳ ಮುಂದೆ ಕೈದಿಗಳಾಗಿದ್ದೆವು. ಎರಡು ಗಂಟೆಯಾದಾಗ ಪೂಜಾರಪ್ಪ ಕಂಬಕ್ಕೊರಗಿ ತೂಕಡಿಸತೊಡಗಿದರು. ಅಣ್ಣ ಗಡಿಯಾರ ನೋಡಿಕೊಂಡ, ನನ್ನತ್ತ ನೋಡಿದ, ಆಮೇಲೆ ನನ್ನ ತಲೆಯ ಪಕ್ಕದ ಗೋಡೆಯತ್ತ ನೋಡಿದ. ಅಲ್ಲಿ ಫ್ಯಾನಿನ ಸ್ವಿಚ್ಚಿತ್ತು. ಮೇಲೆ ಗೋಡೆಯಲ್ಲಿ ಕತ್ತು ತಿರುಗಿಸುವ ಫ್ಯಾನು, ಅದರ ಜಾಲರಿಯ ಮೇಲೆ ದಾನಿಗಳ ಹೆಸರು. ಕೈಯೆತ್ತಿದರೆ ಸಿಗುವಷ್ಟು ಹತ್ತಿರ, ಏಳುವುದೂ ಬೇಕಿಲ್ಲ. ಅಣ್ಣ ಬೆರಳಿನಲ್ಲಿ ಒತ್ತುವ ಸನ್ನೆ ಮಾಡಿದ.

ನಾನು ಒತ್ತಲಿಲ್ಲ. ಒತ್ತಲಾಗಲಿಲ್ಲ ಎನ್ನುವುದು ಸರಿ. ಅಣ್ಣನ ಪಾಲಿಗೆ ಅದು ಫ್ಯಾನು, ಇದು ಹೂವು, ಗಾಳಿ ಬಂದರೆ ಬೀಳುತ್ತದೆ, ಬಿದ್ದರೆ ಎದ್ದು ಹೋಗಬಹುದು. ನನಗೆ ಅಷ್ಟು ಸರಳವಾಗಲಿಲ್ಲ. ಒಳಗೆ ಯಾರೂ ಇಲ್ಲದಿದ್ದರೆ ನಾನು ಒತ್ತುವುದು ಬರೀ ಸ್ವಿಚ್ಚು. ಯಾರೋ ಇದ್ದರೆ, ಅವಳು ಹೇಳಬೇಕಾದ ಮಾತನ್ನು ಅವಳ ಬಾಯಿ ಮುಚ್ಚಿ ನಾನು ಹೇಳಿದಂತೆ. ಇದ್ದಾಳೋ ಇಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕಲ್ಲ! ಲೋಕ ಹುಟ್ಟಿದಾಗಿನಿಂದ ಯಾರೂ ಬಗೆಹರಿಸದ್ದನ್ನು ನಾನು ಐದು ಗಂಟೆಯೊಳಗೆ ಬಗೆಹರಿಸಬೇಕಿತ್ತು. ಅಣ್ಣ ಹಲ್ಲು ಕಚ್ಚಿ ಮತ್ತೆ ಸನ್ನೆ ಮಾಡಿದ. ನಾನು ತಲೆ ಅಲ್ಲಾಡಿಸಿದೆ. ಅವನ ಮೇಲೆ ಬಂದಷ್ಟೇ ಸಿಟ್ಟು ನನ್ನ ಮೇಲೂ ಬಂತು, ಅವ್ವನ ಮೇಲೂ ಬಂತು, ಆ ಹೂಗಳ ಮೇಲೂ ಬಂತು.

ಆಗ ಅವ್ವ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. "ಸೆಕೆ ಕಣವ್ವ. ಆ ಫ್ಯಾನ್ ಆಕು."

"ಗಾಳಿಗೆ ಹೂವು ಬಿದ್ಬಿಡುತ್ತಲ್ಲವ್ವ?"

"ಬೀಳ್ಲಿ ಬುಡು. ಗಾಳಿ ಯಾರ್ದು? ನಿಮ್ಮಣ್ಣಂದಾ?"

ಅಣ್ಣ ನಗು ತಡೆದುಕೊಂಡ. ನನಗೆ ನಗು ಬರಲಿಲ್ಲ. ಅವ್ವನಿಗೆ ಫ್ಯಾನಿನ ಗಾಳಿಯೂ ಊರಮ್ಮನದೇ, ಅಣ್ಣನಿಗೆ ಊರಮ್ಮನೇ ಇಲ್ಲ. ಇಬ್ಬರಿಗೂ ಆ ಸ್ವಿಚ್ಚು ಸಲೀಸು. ಅದು ಅಪರಾಧವಾಗಿ ಕಂಡದ್ದು ಇಡೀ ಗುಡಿಯಲ್ಲಿ ನನಗೊಬ್ಬಳಿಗೇ. ಒತ್ತಿದೆ. ಫ್ಯಾನು ಕಿರುಗುಟ್ಟುತ್ತ ಕತ್ತು ತಿರುಗಿಸಿತು. ಒಂದು ಹೂ ಕದಲಿತು, ಜಾರಿತು, ಬಿತ್ತು. ಎಡಗಡೆಯದು. ಫ್ಯಾನು ಕತ್ತು ಹೊರಳಿಸಿ ವಾಪಸು ಬರುವಷ್ಟರಲ್ಲಿ ಬಲಗಡೆಯದೂ ಬಿತ್ತು. ಆದರೆ ಲೆಕ್ಕಕ್ಕೆ ಬರುವುದು ಮೊದಲು ಬಿದ್ದದ್ದು. ಅದನ್ನು ಕಂಡವರು ಅಣ್ಣ ಮತ್ತು ನಾನು ಇಬ್ಬರೇ. ಪೂಜಾರಪ್ಪನ ಗದ್ದ ಎದೆಯ ಮೇಲಿತ್ತು.

"ಬಲಕ್ಕೆ! ಬಲಕ್ಕೆ ಬಿತ್ತು ಕಣವ್ವ!" ಅಣ್ಣ ಕೂಗಿದ. ಒಂದು ಕ್ಷಣವೂ ತಡೆಯಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಪೂಜಾರಪ್ಪ ಬೆಚ್ಚಿ ಎದ್ದು, "ಬಲವಾ? ಒಳ್ಳೇದಾಯ್ತು" ಎಂದು ಗಂಟೆ ಬಾರಿಸಿದರು.

ಅವ್ವ ಕಣ್ಣು ಬಿಡಲಿಲ್ಲ. "ನೀನ್ ಸುಮ್ಕಿರ್ಲಾ. ನಿಂಗೆ ಬಲ ಆದ್ರೇನು, ಎಡ ಆದ್ರೇನು. ಅವ್ಳು ಯೋಳ್ಲಿ."

ಇಬ್ಬರೂ ನನ್ನ ಬಾಯಿ ಕಾಯುತ್ತ ಕೂತರು. ನಿಜ ಹೇಳಿದರೆ ಅವ್ವ ಆಸ್ಪತ್ರೆಗೆ ಬರುವುದಿಲ್ಲ, ಗಡ್ಡೆ ಬೆಳೆಯುತ್ತದೆ. ಹೇಳದಿದ್ದರೆ, ಇದ್ದಾಳೋ ಇಲ್ಲವೋ ಗೊತ್ತಿಲ್ಲದವಳ ಹೆಸರಿನಲ್ಲಿ ನಾನು ಸುಳ್ಳಾಡುತ್ತೇನೆ. ಅಣ್ಣನಿಗೆ ಅಂಥ ತೊಡಕೇ ಇರಲಿಲ್ಲ. ಇಲ್ಲದವಳಿಗೆ ಮೋಸ ಮಾಡುವುದು ಹೇಗೆ?

"ಬಲಕ್ಕೆ ಬಿತ್ತವ್ವ" ಎಂದೆ.

ಅವ್ವ ಕಣ್ಣು ಬಿಟ್ಟು, ನೆಲಕ್ಕೆ ಕೈಯೂರಿ ಎದ್ದಳು. "ಸರಿ. ನಡೀರಿ ಓಗಾನ ಆಸ್ಪತ್ರೆಗೆ" ಎಂದಳು. ಕಾರಿನಲ್ಲಿ ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದ, ಭಲೇ ಎನ್ನುವಂತೆ. ಐದಕ್ಕೆ ಮೊದಲೇ ಮುಟ್ಟಿದೆವು.

ಮರುದಿನ ಬೆಳಿಗ್ಗೆ ನರ್ಸು ಅವ್ವನ ಕೂದಲನ್ನು ಎರಡು ಜಡೆ ಹಾಕಿ ಹೋದಳು. ಹಸಿರು ಗೌನಿನಲ್ಲಿ, ಎರಡು ಜಡೆಯಲ್ಲಿ ಅವ್ವ ಶಾಲೆಗೆ ಹೊರಟ ಹುಡುಗಿಯಂತೆ ಕಾಣುತ್ತಿದ್ದಳು. ಕಿವಿಯ ಓಲೆ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. "ಇವು ನಿಂಗೆ. ನಿಮ್ಮಪ್ಪನ್ ಪಕ್ದಾಗೆ ನಂಗೆ ಜಾಗ ಐತೆ, ಬ್ಯಾರೆ ಕಡೆ ಆಕ್ಬೇಡಿ. ನಿಮ್ಮಣ್ಣ ತಿಥಿ ಗಿಥಿ ಮಾಡಾಕಿಲ್ಲ, ಬಲವಂತ ಮಾಡ್ಬೇಡ ಅವ್ನಿಗೆ."

"ಯಾಕವ್ವ ಹಿಂಗೆಲ್ಲ ಮಾತಾಡ್ತೀಯ? ಊರಮ್ಮನೇ ಬಲಕ್ಕೆ ಕೊಟ್ಳಲ್ಲ" ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು.

"ಅದ್ಕೇ ಕಣವ್ವ ಯೋಳ್ತಿರೋದು" ಎಂದಳು ಅವ್ವ. "ನಾನ್ ಕೇಳಿದ್ದು, ಈ ಸಲ ನನ್ನ ಕರ್ಕೊಂತೀಯಾ ಅಂತ. ಊಂ ಅಂದ್ಳು."

ಆಪರೇಷನ್ ಮಾಡಿಸಿಕೊಳ್ಳಲಾ ಎಂದು ಅವ್ವ ಕೇಳಿರುತ್ತಾಳೆಂದು ನಾವಿಬ್ಬರೂ ನಮ್ಮಷ್ಟಕ್ಕೆ ಅಂದುಕೊಂಡಿದ್ದೆವು. ಅವಳು ಕೇಳಿದ್ದು ಸಾಯುತ್ತೇನಾ ಎಂದು. ಎಡಗಡೆಯ ಹೂ ಬಿದ್ದು ಇಲ್ಲ ಎಂದಿತ್ತು. ನಾವು ಸೇರಿ ಅದನ್ನು ಹೌದು ಮಾಡಿ ಅವಳ ಕೈಗೆ ಕೊಟ್ಟಿದ್ದೆವು.

"ಹಂಗಾದ್ರೆ ಆಸ್ಪತ್ರೆಗೆ ಯಾಕೆ ಬಂದೆ?"

"ನೀವಿಬ್ರೂ ಆಮೇಲೆ ಕೊರಗ್ಬಾರ್ದಲ್ಲ, ಮಾಡ್ಸಿದ್ರೆ ಉಳೀತಿದ್ಲೇನೋ ಅಂತ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. "ಅವ್ವ, ಎಡಕ್ಕೆ ಬಿದ್ದಿದ್ದು. ನಿನ್ನಾಣೆಗೂ ಎಡಕ್ಕೇ. ನಾವು ಸುಳ್ಳು ಹೇಳಿದ್ವಿ." ಅವ್ವ ನನ್ನ ಕೆನ್ನೆ ತಟ್ಟಿ ನಕ್ಕಳು. "ನಿಂಗೆ ಸುಳ್ ಯೋಳಾಕ್ ಬರಲ್ಲ ಕಣೆ. ಮಕ ನೋಡು, ಎಂಗ್ ಆಗೈತೆ." ನಾನು ಹೊರಗೆ ಓಡಿ ಅಣ್ಣನನ್ನು ಎಳೆದುಕೊಂಡು ಬಂದು ನಡೆದದ್ದು ಹೇಳಿದೆ. "ಹೌದವ್ವ, ಎಡಕ್ಕೆ ಬಿತ್ತು, ನಾನೇ ಮೊದ್ಲು ಸುಳ್ಳು ಹೇಳಿದ್ದು" ಎಂದ. ಅವ್ವ ಮತ್ತೆ ಒಳಗೆ ಬಂದ ನರ್ಸಿಗೆ ನಮ್ಮನ್ನು ತೋರಿಸಿ, "ನೋಡವ್ವ, ಇಬ್ರೂ ಮಾತಾಡ್ಕೊಂಡ್ ಬಂದವ್ರೆ" ಎಂದಳು. ಸ್ಟ್ರೆಚರ್ ಬಂತು.

ಬಾಗಿಲು ಮುಚ್ಚಿದ ಮೇಲೆ ನಾವಿಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಅಣ್ಣ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅಪ್ಪ ಸತ್ತಾಗಲೂ ಕಂಡಿರಲಿಲ್ಲ. "ಹೆದರ್ಕೊಂಡು ಒಳಗೆ ಹೋದ್ಲಲ್ಲೇ" ಎಂದಷ್ಟೇ ಹೇಳುತ್ತಿದ್ದ. ಅವನ ದುಃಖ ಅವ್ವನೊಬ್ಬಳಿಗೆ ಸಂಬಂಧಿಸಿದ್ದು, ಅವ್ವ ಹೊರಗೆ ಬಂದರೆ ಕಾಲು ಹಿಡಿದುಕೊಂಡರೆ ಮುಗಿಯುತ್ತದೆ. ನಾನು ಇನ್ನೊಬ್ಬಳ ಕಾಲನ್ನೂ ಹಿಡಿಯಬೇಕಿತ್ತು, ಅವಳಿಗೆ ಕಾಲಿದೆಯೋ ಇಲ್ಲವೋ ತಿಳಿಯದೆ. ಅವತ್ತು ನಾನು ಬೇಡಿಕೊಂಡೆ. ನಾಚಿಕೆಯಿಲ್ಲದೆ ಬೇಡಿಕೊಂಡೆ. ನೀನು ಇದ್ದರೆ, ನೀನೇ ಹೇಳಿದ ಎಡಗಡೆಯ ಮಾತನ್ನು ನಡೆಸು ಎಂದೆ. ಪ್ರತಿ ಸಲವೂ ‘ಇದ್ದರೆ’ ಎನ್ನುವುದು ತಾನಾಗಿ ಬಂದು ಸೇರಿಕೊಳ್ಳುತ್ತಿತ್ತು. ಪೂರಾ ನಂಬಿ ಬೇಡಿಕೊಳ್ಳಲು ಬಾಯಿ ಬರಲಿಲ್ಲ, ಬೇಡಿಕೊಳ್ಳದೆ ಕೂರಲೂ ಆಗಲಿಲ್ಲ.

ಅವ್ವ ಉಳಿದಳು. ಗಡ್ಡೆ ಕೆಟ್ಟದ್ದಲ್ಲವೆಂದು ರಿಪೋರ್ಟೂ ಬಂತು. "ಎಡಕ್ಕೆ ಬಿತ್ತು, ಬದುಕಿದ್ಲು. ಬಲಕ್ಕೆ ಬಿದ್ದಿದ್ರೂ ಬದುಕ್ತಿದ್ಲು" ಎಂದು ಅಣ್ಣ ವಾರದೊಳಗೆ ತನ್ನ ನಿದ್ದೆಗೆ ಮರಳಿದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಅವ್ವ ಕೇಳಿದ್ದಕ್ಕೆ ಆ ಹೂ ಸರಿಯಾದ ಉತ್ತರವನ್ನೇ ಕೊಟ್ಟಿತ್ತು ಎನ್ನುವುದೂ ಸುಳ್ಳಲ್ಲವಲ್ಲ. ಅದನ್ನು ಒಪ್ಪಲೂ ಆಗದೆ ಬಿಸಾಡಲೂ ಆಗದೆ ಇಟ್ಟುಕೊಂಡಿದ್ದೇನೆ.

ನನ್ನ ಪಾಡು ಹಾಗಿರಲಿ. ಅವ್ವ ಮಾತ್ರ ಮನೆಗೆ ಬಂದ ಮೇಲೂ ಹೊರಟು ನಿಂತವಳಂತೆಯೇ ಇದ್ದಾಳೆ. ಈ ವರ್ಷ ಉಪ್ಪಿನಕಾಯಿ ಹಾಕಲಿಲ್ಲ. ಆನೇಕಲ್ಲಿನ ತನ್ನ ತಂಗಿಯ ಮನೆಯ ಮದುವೆಗೆ ಬರಲಿಲ್ಲ. ಕನ್ನಡಕ ಬದಲಾಯಿಸೋಣವೆಂದರೆ, "ಯಾಕ್ ದಂಡ" ಎನ್ನುತ್ತಾಳೆ. ಡಾಕ್ಟರು ಹೆದರಬೇಡಿ ಎಂದರಲ್ಲ ಎಂದು ನೆನಪಿಸಿದರೆ, "ಡಾಕ್ಟ್ರು ಅವ್ನ ಕೆಲ್ಸ ಮಾಡವ್ನೆ. ಅವ್ಳು ಅವ್ಳ ಕೆಲ್ಸ ಮಾಡ್ತಾಳೆ. ಕೊಟ್ ಮಾತು ಬುಡಾಕಿಲ್ಲ" ಎನ್ನುತ್ತಾಳೆ. ಹೂ ಎಡಕ್ಕೆ ಬಿತ್ತೆಂದು ನಾನು ಎಷ್ಟು ಆಣೆ ಹಾಕಿದರೂ ಮಗಳು ಸಮಾಧಾನ ಮಾಡುತ್ತಿದ್ದಾಳೆ ಎಂದೇ ಅವಳ ನಂಬಿಕೆ. ಮತ್ತೊಮ್ಮೆ ಕೇಳೋಣ ಬಾ ಎಂದು ಗೋಗರೆದೆ. "ಒಂದ್ಸಲ ಕೇಳಿದ್ನ ಅದೇ ಬಾಯಲ್ಲಿ ತಿರ‍್ಗಿ ಕೇಳ್ಬಾರ್ದು. ಬೇಕಾರೆ ನೀನ್ ಕೇಳ್ಕೊ. ಏನಂತಾಳೋ ಬಂದ್ ಯೋಳು, ನಂಬ್ತೀನಿ" ಎಂದಳು.

"ಹೋಗೋದೇ ಬೇಡ. ಕೇಳಿದೆ, ಬಿಟ್ಬಿಟ್ಟಿದ್ದೀನಿ ಅಂದ್ಳು ಅಂತ ಹೇಳ್ಬಿಡು" ಎಂದ ಅಣ್ಣ. ಆಗುವುದಿಲ್ಲ ಎಂದೆ. ಒಂದು ಸಲ ಹೇಳಿದ ಸುಳ್ಳೇ ಮನೆ ತುಂಬ ಓಡಾಡುತ್ತಿತ್ತು.

ಹೀಗೆ ಹೋದ ವಾರ, ಗೊತ್ತಿಲ್ಲ ಎನ್ನುವ ನಾನು ಊರಮ್ಮನ ಮುಂದೆ ಕೈ ಮುಗಿದು ಕೂತೆ. ನೋಡಿ ಹೇಳಲು ಮನೆಯವರೊಬ್ಬರು ಬೇಕಲ್ಲ, ಇಲ್ಲ ಎನ್ನುವ ಅಣ್ಣ ಸ್ವಿಚ್ಚಿನ ಪಕ್ಕದಲ್ಲಿ ಕೂತ. ಪೂಜಾರಪ್ಪ ಹೂ ಅಂಟಿಸಿ ಆಚೆ ಹೋದರು. ನಾನು ಕಣ್ಣು ಮುಚ್ಚಿ, ಅವ್ವನನ್ನು ಬಿಟ್ಟಿದ್ದೀಯಾ ಎಂದು ಕೇಳಿದೆ. ಬಲಕ್ಕೆ ಬಿದ್ದರೆ ಓಡಿ ಹೋಗಿ ಹೇಳಬಹುದು. ಎಡಕ್ಕೆ ಬಿದ್ದರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ. ಹೊತ್ತು ಹೋಯಿತು. ಟಕ್ ಎಂದಿತು. ಫ್ಯಾನು ತಿರುಗತೊಡಗಿದ ಸದ್ದು. ನಾನು ಅಣ್ಣನನ್ನು ಬೈಯಲಿಲ್ಲ.

ಹೂ ಬಿದ್ದರೆ ಸದ್ದಾಗುವುದಿಲ್ಲ. ಅಣ್ಣ ಉಸಿರೆಳೆದುಕೊಂಡದ್ದು ಮಾತ್ರ ಕೇಳಿಸಿತು.

"ಯಾವ ಕಡೆ?" ಎಂದೆ.

ಮತ್ತೆ ಟಕ್ ಎಂದಿತು. ಫ್ಯಾನು ನಿಂತಿತು.

"ಅಣ್ಣಾ, ಯಾವ ಕಡೆ ಬಿತ್ತು?"

"ನಿಂಗೆ ಯಾವ ಕಡೆ ಬೇಕು ಹೇಳು" ಎಂದ. ಆ ದನಿಯಲ್ಲಿ ತಮಾಷೆ ಇರಲಿಲ್ಲ, ಬರೀ ಅಕ್ಕರೆ ಇತ್ತು.

ನಾನು ಕಣ್ಣು ಬಿಡಲಿಲ್ಲ, ಬಾಯೂ ಬಿಡಲಿಲ್ಲ. ಮನೆಯಲ್ಲಿ ಅವ್ವ ಕಾಯುತ್ತಿದ್ದಳು.